ಕಪ್ಪು ಕಾರಿನ ಗೀರುಗಳನ್ನು ಎಣಿಸಿದ ಬೆಳಿಗ್ಗೆ

ಕೋವಿಡ್ ಕಾಲ ಮುಗಿದು ಮೂರನೆಯ ವರ್ಷ. ಆಗ ನಾನು ಮಾಗಡಿ ರಸ್ತೆಯ ಒಂದು ಕಾರು ದುರಸ್ತಿ ವರ್ಕ್‌ಶಾಪಿನಲ್ಲಿ ಪೇಂಟ್ ವಿಭಾಗದ ಮೇಲ್ವಿಚಾರಕನಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದ್ದವು. ಇಪ್ಪತ್ತೆಂಟು ವರ್ಷ ಕಾರುಗಳ ಬಣ್ಣವನ್ನೇ ನೋಡಿಕೊಂಡು ಬಂದವನು. ಬಣ್ಣದ ವಿಷಯದಲ್ಲಿ ನಾನೊಂದು ಮಾತು ಹೇಳಿದರೆ ಮ್ಯಾನೇಜರ್ ಕೂಡ ಎರಡನೇ ಸಲ ಕೇಳುತ್ತಿರಲಿಲ್ಲ. ನಾನೂ ನನ್ನನ್ನು ಎರಡನೇ ಸಲ ಕೇಳಿಕೊಳ್ಳುವ ಅಭ್ಯಾಸ ಬಿಟ್ಟಿದ್ದೆ. ಮುಂದೆ ಬರೆಯುವ ಘಟನೆಗೆ ಅದೂ ಒಂದು ಕಾರಣ.

ದೀಪಾವಳಿ ಕಳೆದ ಎರಡನೆಯ ಶನಿವಾರ ಜಗದೀಶ್ ಎಂಬುವರು ತಮ್ಮ ಕಪ್ಪು ಕಾರನ್ನು ತಂದರು. ಚಂದ್ರಾ ಲೇಔಟಿನವರು, ವಯಸ್ಸು ನಲವತ್ತೈದರ ಆಸುಪಾಸು, ಖಾಸಗಿ ಕಂಪನಿಯಲ್ಲಿ ದೊಡ್ಡ ಹುದ್ದೆ. ಕಾರು ಕೊಂಡು ಏಳು ತಿಂಗಳಾಗಿತ್ತು.

"ನೋಡಿ ಸಾರ್, ಯಾರೋ ಬೇಕಂತಲೇ ಉಜ್ಜಿ ಹಾಳು ಮಾಡಿದಾರೆ" ಎಂದರು.

ಕಾರನ್ನು ನೆರಳಿಗೆ ತರಿಸಿ ತಪಾಸಣೆಯ ಬ್ಯಾಟರಿ ದೀಪ ಹಿಡಿದೆ. ಓದುಗರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಕಾರಿನ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಮೂರೂ ಸೇರಿದರೆ ಒಂದು ಕಾಗದದ ಹಾಳೆಯಷ್ಟು ದಪ್ಪ. ಆ ಕಾರಿನ ಬಾನೆಟ್ಟಿನ ಮೇಲೆ ದಪ್ಪ ಅಳೆಯುವ ಗೇಜ್ 118 ಮೈಕ್ರಾನ್ ತೋರಿಸಿತು. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು ನಲವತ್ತು ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಯಾರಾದರೂ ದ್ವೇಷದಿಂದ ಕೀಲಿಕೈಯಲ್ಲಿ ಕೆರೆದರೆ ಒಂದೇ ಆಳವಾದ ಗೆರೆ ಬೀಳುತ್ತದೆ. ಇಲ್ಲಿದ್ದವು ಸಾವಿರಾರು ನವಿರಾದ ಗೀರುಗಳು. ಗಡುಸು ಧೂಳು ಸೇರಿದ ಬಟ್ಟೆಯಲ್ಲಿ ಒರೆಸಿದಾಗ ಬೀಳುವಂಥವು. ನಮ್ಮಲ್ಲಿ ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಬಲಬದಿಯ ಬಾಗಿಲುಗಳ ಕೆಳಭಾಗದಲ್ಲಿ ಅವು ಬಹಳ ದಟ್ಟವಾಗಿದ್ದವು. ತೊಳೆಯುವವರು ಆ ಬದಿಯಿಂದ ಶುರು ಮಾಡಿ ಒತ್ತಿ ಉಜ್ಜುತ್ತಿರಬೇಕು ಎಂದುಕೊಂಡೆ. ಅಂದುಕೊಂಡೆ ಅಷ್ಟೇ, ಪರೀಕ್ಷಿಸಲಿಲ್ಲ.

"ಬೇಕಂತ ಮಾಡಿದ್ದಲ್ಲ ಸಾರ್. ತೊಳೆಯೋ ಕೈಯಿಂದ ಆಗಿರೋದು" ಎಂದೆ.

"ಹಂಗಾದ್ರೆ ಗಾಡಿ ತೊಳೆಯೋ ನಮ್ಮ ಲಕ್ಷ್ಮಮ್ಮನೇ. ನಾಳೆ ಮನೆಗೆ ಬಂದು ಇದೇ ಮಾತನ್ನ ಅವಳ ಮುಂದೆ ಹೇಳಿ, ಸಾಕು."

ನಾನು ಮ್ಯಾನೇಜರ್ ಮುಖ ನೋಡಿದೆ. "ಹೋಗ್ಬನ್ನಿ, ಒಳ್ಳೆ ಕಸ್ಟಮರ್ರು" ಎಂದರು ಅವರು.

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಹೋದೆ. ಜಗದೀಶ್ ಮತ್ತು ಅವರ ಹೆಂಡತಿ ವೀಣಾ ಮಾತ್ರ ಇರುತ್ತಾರೆಂದು ಭಾವಿಸಿದ್ದೆ. ಗೇಟಿನ ಮುಂದೆ ಬೀದಿಯ ಹತ್ತು ಜನ ನಿಂತಿದ್ದರು. ಮೂವರ ಕೈಯಲ್ಲಿ ಕಾಫಿ ಲೋಟ ಇತ್ತು. ಜಗದೀಶ್ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರನ್ನೂ ಕರೆದಿದ್ದರು. ಲಕ್ಷ್ಮಮ್ಮ ಆ ಬೀದಿಯ ಹನ್ನೊಂದು ಮನೆಗಳ ಕಾರುಗಳನ್ನು ತೊಳೆಯುತ್ತಿದ್ದರು. ನಿಂತಿದ್ದವರೆಲ್ಲ ಆ ಕಾರುಗಳ ಯಜಮಾನರು.

ಲಕ್ಷ್ಮಮ್ಮನಿಗೆ ಐವತ್ತು ದಾಟಿತ್ತು. ನಾಗರಬಾವಿಯ ಹಳೇ ಊರಿನ ಗಲ್ಲಿಯಿಂದ ದಿನಾ ನಡೆದು ಬರುತ್ತಿದ್ದರು. ಆರು ವರ್ಷದಿಂದ ಆ ಬೀದಿಯ ಕೆಲಸವೇ ಅವರ ಬದುಕು. ಜಗದೀಶ್ ಅವರ ಮನೆಯಲ್ಲಿ ಮಾತ್ರ ಕಾರಿನ ಜೊತೆಗೆ ಅಂಗಳ ಗುಡಿಸಿ ರಂಗೋಲಿಯನ್ನೂ ಹಾಕುತ್ತಿದ್ದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ನಾನು ಕಂಡದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಂಪೌಂಡಿಗೆ ಒರಗಿ ನಿಂತ ಒಬ್ಬ ಹೆಂಗಸನ್ನು.

"ಸಾರ್, ಲೈಟ್ ಹಿಡೀರಿ" ಎಂದರು ಜಗದೀಶ್. ನಾನು ಬಾನೆಟ್ಟಿನ ಮೇಲೆ ದೀಪ ಹಿಡಿದೆ. ಗೀರುಗಳು ಬೆಳಕಿನ ಸುತ್ತ ಉಂಗುರ ಉಂಗುರವಾಗಿ ಎದ್ದವು. ನಿಂತವರಲ್ಲಿ ಯಾರೋ "ಅಯ್ಯೋ" ಎಂದರು.

"ಲಕ್ಷ್ಮಮ್ಮ, ಬಾ ಇಲ್ಲಿ. ಎಣಿಸು."

"ಏನ್ ಎಣಿಸ್ಲಿ ಸಾರ್?"

"ನೀನು ಹಾಕಿರೋ ಗೀರು. ಜೋರಾಗಿ ಎಣಿಸು, ಎಲ್ಲರಿಗೂ ಕೇಳಿಸ್ಲಿ."

ಆಕೆ ಒಮ್ಮೆ ನಕ್ಕರು, ತಮಾಷೆ ಇರಬಹುದೆಂದು. ಯಾರೂ ನಗಲಿಲ್ಲ. ಆಮೇಲೆ ಬೆರಳು ಚಾಚಿ, ಕಾರಿಗೆ ತಾಗಿಸದೆ, ಒಂದು, ಎರಡು, ಮೂರು ಎಂದು ಶುರು ಮಾಡಿದರು. ನಲವತ್ತರ ಹತ್ತಿರ ತಡವರಿಸಿದರು.

ಎದುರು ಮನೆಯ ಶ್ರೀಕಂಠಯ್ಯ, ನಿವೃತ್ತ ಗುಮಾಸ್ತರು, "ಇಸ್ಕೂಲ್ ಕಡೆ ಹೋಗಿದ್ರೆ ನೂರರ ಗಂಟ ಬರ್ತಿತ್ತಲ್ಲೇ ಲಕ್ಷ್ಮಮ್ಮ" ಎಂದರು. ಈಗ ನಗು ಎದ್ದಿತು.

"ಸಾರ್, ಲೈಟ್ ಸ್ವಲ್ಪ ಈ ಕಡೆ ತನ್ನಿ" ಎಂದರು ಜಗದೀಶ್. ನಾನು ದೀಪ ಸರಿಸಿದೆ. "ಹ್ಞಾಂ, ಇಲ್ಲಿಂದ ಮತ್ತೆ ಎಣಿಸು."

ಸ್ವರ್ಲ್ ಮಾರ್ಕುಗಳಿಗೆ ಒಂದು ಗುಣವಿದೆ. ಅವು ಇಡೀ ಮೇಲ್ಮೈಯಲ್ಲಿ ಇರುತ್ತವೆ, ಆದರೆ ಬೆಳಕಿನ ಸುತ್ತ ಮಾತ್ರ ಕಾಣುತ್ತವೆ. ದೀಪ ಸರಿದಲ್ಲೆಲ್ಲ ಹೊಸ ಉಂಗುರಗಳು ಏಳುತ್ತವೆ, ಹಿಂದಿನವು ಮರೆಯಾಗುತ್ತವೆ. ಅವನ್ನು ಎಣಿಸಿ ಮುಗಿಸುವುದು ಯಾರಿಂದಲೂ ಆಗದು. ಕಾಯಂ ಧೂಳು ಕೂರುವ ಬೆಂಗಳೂರಿನಲ್ಲಿ ಯಾವ ಕಪ್ಪು ಕಾರಿಗೆ ಆ ದೀಪ ಹಿಡಿದರೂ ಅಷ್ಟಿಷ್ಟು ಕಂಡೇ ಕಾಣುತ್ತವೆ. ಇದು ಅಲ್ಲಿದ್ದವರಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಜಗದೀಶ್ ಏಳು ಸಲ ದೀಪ ಸರಿಸಲು ಹೇಳಿದರು. ನಾನು ಏಳು ಸಲವೂ ಸರಿಸಿದೆ. ಲಕ್ಷ್ಮಮ್ಮ ಏಳು ಸಲವೂ ಒಂದರಿಂದ ಶುರು ಮಾಡಿದರು. ಕೊನೆಯ ಸಲ ಅವರ ದನಿ ಹತ್ತಿರ ನಿಂತ ನನಗೂ ಸರಿಯಾಗಿ ಕೇಳಿಸಲಿಲ್ಲ.

ಆಮೇಲೆ ಬೆರಳು ಕೆಳಗಿಳಿಸಿ, "ಹನ್ನೊಂದು ಗಾಡಿ ತೊಳೀತೀನಿ ಸಾರ್. ಮಿಕ್ಕಿದ ಗಾಡಿಗೂ ಆ ಲೈಟ್ ಬಿಟ್ಟು ನೋಡಿ" ಎಂದರು.

"ನೀನು ಹೇಳ್ದಂಗೆ ತನಿಖೆ ನಡೆಸ್ಬೇಕೇನು?" ಎಂದರು ಜಗದೀಶ್.

ಲಕ್ಷ್ಮಮ್ಮ ವೀಣಾ ಅವರತ್ತ ತಿರುಗಿದರು. "ಅಮ್ಮಾ, ನೀವು ಹೆಂಗೆ ಹೇಳಿದ್ರೋ ಹಂಗೇ ಮಾಡ್ಕೊಂಡು ಬಂದಿದೀನಿ. ನೀವಾದ್ರೂ ಹೇಳಿ."

"ನಂಗೇನ್ ಗೊತ್ತು. ಗಾಡಿ ವಿಷ್ಯ ಅವ್ರದ್ದು" ಎಂದು ವೀಣಾ ಒಳಗೆ ಹೋದರು.

ಕೊನೆಗೆ ಆಕೆ ನನ್ನನ್ನು ಕೇಳಿದರು. "ಸಾರ್, ನಾನು ಬೇಕಂತ ಮಾಡಿದೀನಿ ಅಂತ ಹೇಳುತ್ತಾ ನಿಮ್ಮ ಲೈಟು?"

"ಬೇಕಂತ ಅಂತ ನಾನು ಹೇಳ್ತಿಲ್ಲಮ್ಮ. ಆದ್ರೆ ಇದು ತೊಳೆದ ಕೈಯಿಂದ್ಲೇ ಆಗಿರೋದು."

ಎರಡು ವಾಕ್ಯ. ಮೊದಲನೆಯದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಎರಡನೆಯದನ್ನು ಜಗದೀಶ್ ನನ್ನ ಹುದ್ದೆಯ ಸಮೇತ ಗ್ರೂಪಿಗೆ ಹಾಕಿದರು, ನನ್ನ ದೀಪದ ಬೆಳಕಿನಲ್ಲಿ ತೆಗೆದ ಫೋಟೋದ ಕೆಳಗೆ. ಸೋಮವಾರದ ಹೊತ್ತಿಗೆ ಹನ್ನೊಂದು ಮನೆಯವರೂ ಲಕ್ಷ್ಮಮ್ಮನಿಗೆ ಬರಬೇಡವೆಂದು ಹೇಳಿದ್ದರು.

ನಾವು ಕಾರಿಗೆ ಪಾಲಿಶ್ ಮಾಡಿದೆವು. ಪಾಲಿಶ್ ಎಂದರೆ ಹೊಸದೇನನ್ನೋ ಬಳಿಯುವುದಲ್ಲ. ಗೀರು ಮಾಯವಾಗುವವರೆಗೆ ಕ್ಲಿಯರ್ ಕೋಟನ್ನೇ ಎರಡು ಮೂರು ಮೈಕ್ರಾನ್ ಸವೆಸುವುದು. ಹಾಗಾಗಿ ಪದೇ ಪದೇ ಮಾಡುವಂತಿಲ್ಲ. ಇನ್ನು ಮುಂದೆ ತಾವೇ ತೊಳೆಯುವುದಾಗಿ ಜಗದೀಶ್ ಹೇಳಿದ್ದರಿಂದ ವಿಧಾನವನ್ನು ಕಲಿಸಿಕೊಟ್ಟೆ. ಎಂಜಿನ್ ಬಿಸಿ ಇದ್ದಾಗ, ಬಿಸಿಲಿದ್ದಾಗ ತೊಳೆಯಬಾರದು. ಮೊದಲು ಬರೀ ನೀರು ಹಾಯಿಸಿ ಧೂಳನ್ನು ಇಳಿಸಬೇಕು, ಬಟ್ಟೆ ಆಮೇಲೆ. ಎರಡು ಬಕೆಟ್ ಬೇಕು. ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಪಾತ್ರೆಯ ಸೋಪು, ಬಟ್ಟೆಯ ಪುಡಿ ಕೂಡದು. ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಒತ್ತದೆ ಒರೆಸಬೇಕು. ಚಕ್ರಕ್ಕೆ ಬೇರೆ ಬಟ್ಟೆ. ಜಗದೀಶ್ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡರು.

ಇಪ್ಪತ್ತಾರು ದಿನಗಳ ನಂತರ ಕಾರು ವಾಪಸ್ ಬಂತು. ಅದೇ ಗೀರು. ಬಲಬದಿಯ ಕೆಳಭಾಗದಲ್ಲಿ ಅದೇ ದಟ್ಟಣೆ.

"ನಿಮ್ಮ ಪಾಲಿಶೇ ಸರಿ ಇಲ್ಲ" ಎಂದರು ಜಗದೀಶ್.

ನನಗೆ ಆಗ ಆದದ್ದನ್ನು ಭಯವೆಂದೇ ಬರೆಯಬೇಕು. ಈ ಇಪ್ಪತ್ತಾರು ದಿನ ಲಕ್ಷ್ಮಮ್ಮ ಆ ಕಾರನ್ನು ಮುಟ್ಟಿರಲಿಲ್ಲ. ಜಗದೀಶ್ ಬಳಸುತ್ತಿದ್ದ ಬಟ್ಟೆಯನ್ನು ತರಿಸಿ ಭೂತಗನ್ನಡಿಯಲ್ಲಿ ನೋಡಿದೆ. ಎಳೆಗಳ ನಡುವೆ ಬಿಳಿಯ, ಮೊನಚಾದ ಕಣಗಳಿದ್ದವು. ರಸ್ತೆಯ ಧೂಳು ಆ ಬಣ್ಣದ್ದಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ, ಯಾರೂ ಕರೆಯದೆ, ಅವರ ಮನೆಗೆ ಹೋಗಿ ರಸ್ತೆಯಲ್ಲಿ ನಿಂತೆ. ವೀಣಾ ಹೊರಬಂದು ಪೊರಕೆಯಿಂದ ಹಿಂದಿನ ದಿನದ ಒಣಗಿದ ರಂಗೋಲಿಯನ್ನು ಗುಡಿಸಿದರು. ಬಿಳಿ ಪುಡಿ ಮೊಣಕಾಲೆತ್ತರಕ್ಕೆ ಎದ್ದಿತು. ಗೇಟಿನ ಕಂಬಿಗೆ ಕಾರು ಒರೆಸುವ ಬಟ್ಟೆಗಳನ್ನು ಒಣಹಾಕಿದ್ದರು. ಗೇಟಿನ ಪಕ್ಕದಲ್ಲೇ ಬಲಬದಿಯನ್ನು ರಂಗೋಲಿಯತ್ತ ಮಾಡಿ ಕಾರು ನಿಂತಿತ್ತು. ಪುಡಿ ಎರಡರ ಮೇಲೂ ಕುಳಿತಿತು. ಆಮೇಲೆ ಅಂಗಳಕ್ಕೆ ನೀರು, ಹೊಸ ರಂಗೋಲಿ. ಅದು ಮುಗಿದ ಮೇಲೆ ಜಗದೀಶ್ ಬಂದು ಗೇಟಿನಿಂದ ಬಟ್ಟೆ ತೆಗೆದುಕೊಂಡು ಎರಡೂ ಬಕೆಟ್ ತುಂಬಿಸಿದರು.

ಅಂಗಡಿಯಲ್ಲಿ ಸಿಗುವ ರಂಗೋಲಿ ಪುಡಿ ಅಕ್ಕಿಹಿಟ್ಟಲ್ಲ, ಕಲ್ಲಿನ ಪುಡಿ. ಪೈಪಿನ ನೀರು ಕಾರಿನ ಮೇಲಿನದನ್ನು ಬಹುಪಾಲು ಇಳಿಸಿದರೂ ಬಟ್ಟೆಯೊಳಗೆ ಸೇರಿದ್ದನ್ನು ಇಳಿಸುವುದಿಲ್ಲ. ಬಣ್ಣ ಬಳಿದ ಒಂದು ತಗಡಿನ ತುಂಡನ್ನು ಜೊತೆಗೆ ತಂದಿದ್ದೆ. ಚಿಟಿಕೆ ರಂಗೋಲಿ ಪುಡಿಯನ್ನು ಒದ್ದೆ ಬಟ್ಟೆಗೆ ಹಾಕಿ ಅದರ ಮೇಲೆ ಮೂರು ಸಲ ಎಳೆದೆ. ದೀಪ ಹಿಡಿದಾಗ ಕಾರಿನ ಮೇಲಿದ್ದ ಗೀರುಗಳೇ ಅಲ್ಲೂ ಎದ್ದವು.

ವೀಣಾ ಅವರನ್ನು ಕೇಳಿದೆ, ಗಾಡಿಯನ್ನು ಮೊದಲೇ ಏಕೆ ತೊಳೆಯುವುದಿಲ್ಲ ಎಂದು.

"ಬಾಗ್ಲಿಗೆ ರಂಗೋಲಿ ಹಾಕ್ದೆ ಗಾಡಿ ಮುಟ್ಟಬಾರ್ದು ಸಾರ್. ನಮ್ಮತ್ತೆ ಕಾಲದಿಂದ್ಲೂ ಹಂಗೇ" ಎಂದರು ಅವರು. ರಂಗೋಲಿಯ ಕಡೆ ನೋಡಿ, "ಲಕ್ಷ್ಮಮ್ಮ ಗಾಡಿ ಮೊದ್ಲು ಮಾಡ್ತೀನಿ, ಪುಡಿ ಹಾರುತ್ತೆ ಅಂದಿದ್ಲು. ನಾನೇ ಬೇಡ ಅಂದೆ" ಎಂದು ಸೇರಿಸಿದರು.

ಬೀದಿಯಲ್ಲಿ ಲಕ್ಷ್ಮಮ್ಮ ತೊಳೆಯುತ್ತಿದ್ದ ಬೇರೆ ಏಳು ಕಾರುಗಳು ನಿಂತಿದ್ದವು. ಒಂದೊಂದಕ್ಕೂ ದೀಪ ಹಿಡಿದೆ. ಆರು ವರ್ಷ ಅದೇ ಕೈ, ಆ ಮನೆಯದೇ ಬಟ್ಟೆಯಲ್ಲಿ ತೊಳೆದ ಶ್ರೀಕಂಠಯ್ಯನವರ ಕಾರಿನಲ್ಲಿ, ಎಲ್ಲ ಹಳೆಯ ಕಾರುಗಳಲ್ಲಿ ಇರುವಷ್ಟು ಸಣ್ಣ ಗೀರುಗಳಿದ್ದವು, ಅಷ್ಟೇ. ಆ ಕಾರು ಜಗದೀಶ್ ಅವರ ಗೇಟಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿತ್ತು. ಆ ಭಾನುವಾರವೂ ಅಲ್ಲೇ ಇತ್ತು.

ಜಗದೀಶ್ ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. "ಸರಿ ಬಿಡಿ, ಕಾರಣ ಗೊತ್ತಾಯ್ತಲ್ಲ. ನಾಳೆಯಿಂದ ರಂಗೋಲಿ ಸ್ಟಿಕರ್ ಅಂಟಿಸ್ತೀವಿ."

"ಲಕ್ಷ್ಮಮ್ಮನ ವಿಷಯ?"

"ಅವಳದೇನು ಈಗ?"

"ಗ್ರೂಪಲ್ಲಿ ಒಂದು ಮಾತು ಹಾಕಿ ಸಾರ್."

"ಹಾಕಿದ್ರೆ ಬೀದಿಯಲ್ಲಿ ನನ್ನ ಮುಖ ಏನಾಗುತ್ತೆ? ತೊಳೆದ ಕೈಯಿಂದ್ಲೇ ಅಂತ ಹೇಳಿದ್ದು ನೀವು. ನಾನು ನಿಮ್ಮ ಮಾತು ತಾನೇ ಹಾಕಿದ್ದು?"

ಲಕ್ಷ್ಮಮ್ಮ ಈಗ ಎಲ್ಲಿದ್ದಾರೆಂದು ವೀಣಾ ಅವರನ್ನು ಕೇಳಿದೆ.

ಲಕ್ಷ್ಮಮ್ಮ ನಾಗರಬಾವಿಯ ಒಂದು ವಿದ್ಯಾರ್ಥಿ ಪಿಜಿಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆಂದು ವೀಣಾ ತಿಳಿಸಿದರು. ಅಂದೇ ಹೋದೆ. ಆಕೆ ಕೈ ಒರೆಸಿಕೊಳ್ಳುತ್ತ ಹಿಂಬಾಗಿಲಿಗೆ ಬಂದರು. ಸೋಪಿನ ನೀರಿಗೆ ಬೆರಳ ಸಂದುಗಳು ಬಿರಿದಿದ್ದವು. ರಂಗೋಲಿ ಪುಡಿಯ ವಿಷಯವನ್ನೆಲ್ಲ ಹೇಳಿ, ತಪ್ಪು ನಿಮ್ಮದಲ್ಲ ಎಂದೆ.

"ಅದನ್ನ ನಂಗೆ ಹೇಳೋಕೆ ಬಂದ್ರಾ ಸಾರ್? ನಂಗೆ ಮೊದ್ಲೇ ಗೊತ್ತಿತ್ತಲ್ಲ. ಗೊತ್ತಿಲ್ದೋರು ಇದ್ದಿದ್ದು ಅಲ್ಲಿ."

ಆಮೇಲೆ ಆಕೆ ಕೇಳಿದರು. "ನಾನು ಎಣಿಸ್ತಿದ್ದಾಗ ಲೈಟ್ ಆಡಿಸ್ತಿದ್ರಲ್ಲ. ಅದು ಎಣಿಸಿದ್ರೆ ಮುಗಿಯಲ್ಲ ಅಂತ ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಆಕೆ ತಲೆಯಾಡಿಸಿದರು. ಬೈಯಲಿಲ್ಲ. "ಪಾತ್ರೆ ಅದೆ ಸಾರ್" ಎಂದು ಒಳಗೆ ಹೋದರು.

ಮುಂದಿನ ಭಾನುವಾರ ಆ ತಗಡಿನ ತುಂಡನ್ನು ಹಿಡಿದುಕೊಂಡು ಜಗದೀಶ್ ಅವರದನ್ನು ಬಿಟ್ಟು ಹತ್ತೂ ಮನೆಗಳಿಗೆ ಹೋದೆ. ಮೂರು ಮನೆಗಳಲ್ಲಿ ಬಾಗಿಲು ತೆರೆಯಲಿಲ್ಲ. ಉಳಿದವರು ಕೇಳಿಸಿಕೊಂಡರು. ಶ್ರೀಕಂಠಯ್ಯ ತಗಡನ್ನು ತಿರುಗಿಸಿ ತಿರುಗಿಸಿ ನೋಡಿ, "ಪಾಪ, ಒಳ್ಳೆ ಹೆಂಗಸು. ಆದ್ರೆ ಈಗ ಆ್ಯಪ್‌ನೋರು ಬರ್ತಾರೆ, ಯೂನಿಫಾರ್ಮ್ ಹಾಕ್ಕೊಂಡು. ಮತ್ತೆ ಯಾಕೆ ರಿಸ್ಕು?" ಎಂದರು. ಒಬ್ಬರು ಮಾತ್ರ ಲಕ್ಷ್ಮಮ್ಮನನ್ನು ಕರೆಸಿದರು. ಒಂದೇ ಒಂದು ಕಾರಿಗಾಗಿ ನಾಗರಬಾವಿಯಿಂದ ದಿನಾ ನಡೆದು ಬರಲು ಆಗದೆಂದು ಆಕೆ ಹೇಳಿ ಕಳಿಸಿದರು.

ನಿವೃತ್ತಿಯ ನಂತರ ನಾನು ಕಾರು ತೊಳೆಯುವ, ಪಾಲಿಶ್ ಮಾಡುವ ಕೆಲಸಕ್ಕೆ ಬರುವವರಿಗೆ ತರಬೇತಿ ಕೊಡುತ್ತೇನೆ. ಗೀರು ಕಂಡ ಕೂಡಲೇ ಕೈ ಹುಡುಕಬೇಡಿ, ಕಣ ಹುಡುಕಿ ಎನ್ನುತ್ತೇನೆ. ಅದೇ ಕೈ ತೊಳೆದ ಇನ್ನೊಂದು ಕಾರನ್ನು ನೋಡುವ ತನಕ ಬಾಯಿ ತೆರೆಯಬೇಡಿ ಎನ್ನುತ್ತೇನೆ. ಯಾರಾದರೂ ಏಕೆಂದು ಕೇಳಿದರೆ ಚಂದ್ರಾ ಲೇಔಟಿನ ಕಪ್ಪು ಕಾರಿನ ವಿಷಯ ಹೇಳುತ್ತೇನೆ. ಮೊದಲ ಕೆಲವು ಬ್ಯಾಚುಗಳಿಗೆ, ದೀಪ ಹಿಡಿದವನು ಯಾರೋ ಒಬ್ಬ ಮೇಲ್ವಿಚಾರಕ ಎಂದಷ್ಟೇ ಹೇಳಿದ್ದೆ. ಈಗ ಹಾಗೆ ಹೇಳುವುದಿಲ್ಲ.