ರಾಜಾನಿಗೆ ಯಾವ ಪಾಕೀಟು?

“ಈ ಆಕಳು ಹಾಲು ಕೊಡಾಕ ನಿಂತೈತೋ, ಪಾಕೀಟಿನೊಳಗ ಐತೋ?”

ಚಿತ್ರದ ಮೇಲೆ ಬೆರಳಿಟ್ಟು ಕಾಕಿ ಕೇಳಿದಳು. ಅವಳ ನಾಯಿಮರಿಗೆಂದು ನಾನು ಹುಬ್ಬಳ್ಳಿಯಿಂದ ಎರಡು ಕಂಪನಿಯ ಒಣ ಆಹಾರ ತಂದಿದ್ದೆ. ಹೌದು, ನಾಯಿಗೂ ಈಗ ಪಾಕೀಟಿನ ಊಟ ಬಂದಿದೆ. ನಗಬೇಡಿ. ಟೀವಿ ಬಂದ ಮನೆಗೆ ಅಲ್ಸೇಷನ್ ಬಂತು, ಅದರ ಹಿಂದೆ ಇದೂ ಬಂತು.

ಕುಂದಗೋಳದ ಕಾಕಿಯ ಮನೆಯಲ್ಲಿ ಟೀವಿ ಇಲ್ಲ. ಅಲ್ಸೇಷನ್ ಇದೆ. ಬೆಳಗಾವಿಯಿಂದ ತಂದು ರಾಜಾ ಎಂದು ಹೆಸರಿಟ್ಟವನು ಕಾಕಾ. ದಿನಾ ಬೆಳಿಗ್ಗೆ ಸ್ಟೇಶನ್‌ವರೆಗೆ ತಿರುಗಾಡಿಸುತ್ತಿದ್ದ. ಈ ಬೇಸಿಗೆಯಲ್ಲಿ ಎದೆನೋವೆಂದು ಕೂತವನು ಏಳಲಿಲ್ಲ. (ಕಟ್ಟೆಯ ಮೇಲೋ, ಕುರ್ಚಿಯ ಮೇಲೋ? ನೋಡಿದವರೇ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.) ಮನೆಯಲ್ಲಿ ಉಳಿದದ್ದು ಕಾಕಿ ಮತ್ತು ರಾಜಾ.

ಆಮೇಲೆ ಮರಿಯ ಮುಂಗಾಲುಗಳು ಹೊರಕ್ಕೆ ಬಾಗತೊಡಗಿದವು.

ದನದ ಡಾಕ್ಟರು ಹೇಳಿದರು: “ದೊಡ್ಡ ಜಾತಿ ಮರಿ ಐತ್ರೀ. ಮೈ ಬೆಳದಂಗ ಎಲುಬೂ ಗಟ್ಟಿ ಆಗಬೇಕು. ಎಲುಬಿನ ಸೂಪು ಕುಡಸ್ರಿ.” ಕೊರಳಲ್ಲಿ ಲಿಂಗವಿರುವ ಕಾಕಿ ಎದ್ದೇಬಿಟ್ಟಳು. ಆಗ ಬಂತು ಪಾಕೀಟಿನ ಮಾತು.

ಆಕಳ ಚಿತ್ರದ ಪಾಕೀಟಿನಲ್ಲಿ ಗೋಧಿ, ಗೋವಿನಜೋಳ, ಹಾಲಿನ ಪುಡಿ. ಇನ್ನೊಂದರಲ್ಲಿ ಮಾಂಸ, ಎಲುಬಿನ ಪುಡಿ. ಬೆಳೆಯುವ ದೊಡ್ಡ ಮರಿಗಳಿಗೆ ಎಂದೇ ಬರೆದಿತ್ತು. ಇಂಗ್ಲಿಷಿನಲ್ಲಿದ್ದದ್ದನ್ನು ಇದ್ದಂತೆ ಓದಿ ಹೇಳಿದೆ.

“ಅವ್ರಿದ್ದಾಗ ಬರೇ ರೊಟ್ಟಿ, ಹಾಲಿನ ಮ್ಯಾಲ ಕುದರಿ ಹಂಗ ಜಿಗೀತಿತ್ತು. ಈಗ್ಯಾಕ ಬೇಕೋ ಎಲುಬು?”

“ಡಾಕ್ಟರ್ ಹೇಳ್ಯಾರಲ್ಲ ಕಾಕಿ.”

“ಡಾಕ್ಟರಿಗೆ ನಮ್ಮ ಮನಿ ಗೊತ್ತೈತೇನು?” ಎಂದು ಆಕಳ ಚಿತ್ರದ ಪಾಕೀಟನ್ನೇ ಎತ್ತಿಕೊಂಡಳು.

ರಾಜಾ ಖುಷಿಯಿಂದ ತಿಂದ. ಕಾಲುಗಳು ಬಾಗುತ್ತಲೇ ಹೋದವು.

ಮೊನ್ನೆ ರೈಲಿಳಿದಾಗ ಸ್ಟೇಶನ್ ಬಾಜೂಕಿನ ಖಾನಾವಳಿಯ ಹುಸೇನಸಾಬ ಕೂಗಿದ. “ರಾಜಾ ಹೆಂಗದಾನ್ರೀ? ನಿಮ್ ಕಾಕಾ ದಿನಾ ಇಲ್ಲೇ ಎಲುಬಿನ ಸೂಪು ಕುಡಸ್ತಿದ್ರು. ಆಮ್ಯಾಲ ನಳದಾಗ ಅದರ ಬಾಯಿ ತೊಳದು ಕರ್ಕೊಂಡ್ ಹೋಗೂದು. ‘ಮನ್ಯಾಗ ಗೊತ್ತಾಗಬಾರ್ದೋ ಸಾಬಾ’ ಅಂತಿದ್ರು.”

ಕಾಕಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

“ನನ್ಮುಂದ ಒಂದ್ ಮಾತು ಹೇಳಿದ್ರ ನಾ ಏನ್ ಹೊಡೀತಿದ್ನೇನೋ ಅವ್ರನ್ನ?”

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಆಮೇಲೆ ಎಂದಳು, “ಆ ಇನ್ನೊಂದು ಪಾಕೀಟು ತಾ.”

ತಂದುಕೊಟ್ಟೆ. ಡಾಕ್ಟರು ಕಾಲು ಹಿಡಿದು ನೋಡಿದರು. “ತಡಾ ಆತ್ರೀ. ಇನ್ನ ಬಾಗೂದು ನಿಲ್ಲಬಹುದು. ಬಾಗಿದ್ದು ನೆಟ್ಟಗಾಗೂದಿಲ್ಲ.”

ಕಾಕಾ ಮುಚ್ಚಿಟ್ಟದ್ದು ಪ್ರೀತಿಯಿಂದ, ಕಾಕಿ ನಂಬಿದ್ದೂ ಪ್ರೀತಿಯಿಂದ. ಹೀಗೆ ಬರೆದರೆ ಎಲ್ಲ ಎಷ್ಟು ಚೆನ್ನಾಗಿ ಕೂಡುತ್ತದೆ! ಅದಕ್ಕೇ ನನಗೆ ಈ ವಾಕ್ಯದ ಮೇಲೆ ವಿಶ್ವಾಸವಿಲ್ಲ. ಇಷ್ಟು ಪ್ರೀತಿಯಲ್ಲಿ ಮರಿಯ ಕಾಲಿಗೆ ಜಾಗ ಎಲ್ಲಿತ್ತು?

ಈಗ ಕಾಕಿ ಹಿತ್ತಿಲಲ್ಲಿ ಕೂತು ಆ ಎಲುಬಿನ ಪುಡಿಯ ಊಟವನ್ನು ತಾನೇ ನೆನೆಸಿ ತಿನ್ನಿಸುತ್ತಾಳೆ. ರಾಜಾ ಕುಂಟುತ್ತ ಹೊಸ್ತಿಲವರೆಗೆ ಬರುತ್ತಾನೆ. ಒಳಗೆ ಬಿಡುವ ಮುಂಚೆ ಅವನ ಬಾಯಿ ತೊಳೆದು ಸೆರಗಿನಿಂದ ಒರೆಸುತ್ತಾಳೆ.

ಆ ಮನೆಯಲ್ಲಿ ಇನ್ನು ಯಾರಿಗೆ ಗೊತ್ತಾಗಬಾರದು?