ಹಂಚಿನ ಮೇಲೊಂದು ಬಾಲ

ಮಸ್ಕತ್ತಿನ ಅಲ್ ಮಬೇಲಾದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಉಳ್ಳಾಲದ ಶರ್ಫುದ್ದೀನ್ ಕುರ್ಚಿಯಲ್ಲಿ ಕೂತದ್ದನ್ನು ಕಂಡವರಿಲ್ಲ. ಗಿರಾಕಿ ಬಂದರೆ ಗೋಡೌನಿಗೆ ಓಟ, ಬಾರದಿದ್ದರೆ ರಸ್ತೆಗೆ ಓಟ. ಚಹಾವನ್ನೂ ನಿಂತೇ ಕುಡಿಯುತ್ತಾರೆ; ಅರ್ಧ ಕುಡಿದು, ಲೋಟ ಎಲ್ಲಿಟ್ಟೆ ಎಂದು ಹುಡುಕುತ್ತಾರೆ. "ಇವರ ಕಾಲಿಗೆ ಚಕ್ರ ಉಂಟು, ಬ್ರೇಕ್ ಇಲ್ಲ" ಎಂಬುದು ಹೆಂಡತಿ ನಝೀರಾಳ ತೀರ್ಪು.

ಅಂಥವರು ಐವತ್ತು ದಾಟಿದ ಮೇಲೆ ಸ್ಕೂಬಾ ಡೈವಿಂಗ್ ಕಲಿಯಲು ಕಾರಣ ಅಜ್ಜ ಉಮರಬ್ಬ. ಮಂಗಳೂರಿನಿಂದ ಹಂಚು ಹೇರಿಕೊಂಡು ಈ ಕಡೆಗೆ ಹೊರಟ ಮಂಜಿಯಲ್ಲಿ, ಅಂದರೆ ಹಾಯಿಯ ಮರದ ಹಡಗಿನಲ್ಲಿ, ಖಲಾಸಿಯಾಗಿ ಹೋದವರು ತಿರುಗಿ ಬರಲಿಲ್ಲ. ಮಂಜಿ ಮುಳುಗಿತು ಎಂದರು ಅಜ್ಜಿ. ಮಂಜಿಯಲ್ಲ, ಮಸ್ಕತ್ತಿನಲ್ಲಿ ಇನ್ನೊಂದು ನಿಕಾಹ್ ಮಾಡಿಕೊಂಡು ಉಮರಬ್ಬನೇ ಮುಳುಗಿದ ಎಂದಿತು ಊರು. ಮದುವೆ ಮನೆಗಳಲ್ಲಿ ಈ ಮಾತನ್ನು ಇಂದಿಗೂ ತುಪ್ಪದನ್ನದ ಜೊತೆ ಬಡಿಸುತ್ತಾರೆ.

ದಕ್ಷಿಣ ಒಮಾನಿನ ಮಿರ್ಬಾತ್ ಕಡಲಡಿಯ ಹಳೆ ಹಡಗೊಂದರಲ್ಲಿ ಹಂಚಿನ ರಾಶಿ ಇದೆಯೆಂದು ಡೈವಿಂಗ್ ಕಲಿಸುವ ಮಂಗಳೂರಿನ ರಾಯ್‌ಸ್ಟನ್ ಹೇಳಿದ್ದೇ ತಡ, ಶರ್ಫುದ್ದೀನರ ನಿದ್ದೆ ಹಾರಿತು. ಅಜ್ಜನ ಮಂಜಿಯಲ್ಲಿದ್ದದ್ದು ನವಿಲು ಮಾರ್ಕಿನ ಹಂಚು. ಆ ಕಾರ್ಖಾನೆ ಕಡಲಾಚೆ ಕಳಿಸಿದ್ದು ಅದೊಂದೇ ಲೋಡು. ಹಂಚಿನಲ್ಲಿ ನವಿಲು ಕಂಡರೆ ಅಜ್ಜ ನಿರ್ದೋಷಿ.

"ಶರ್ಫುದ್ದೀನಾಕ, ಕೆಳಗೆ ಏನನ್ನೂ ಮುಟ್ಲಿಕ್ಕಿಲ್ಲ. ಸರ್ಕಾರದ್ದು," ಎಂದ ರಾಯ್‌ಸ್ಟನ್ ದೋಣಿಯಲ್ಲಿ.

"ನನ್ನ ಅಜ್ಜನದ್ದು ಮಾರಾಯ."

"ಆಯ್ತು, ಅಜ್ಜನದ್ದೇ. ಕಾಲು ಮಾತ್ರ ಆಡಿಸ್ಬೇಡಿ, ಮಣ್ಣು ಏಳ್ತದೆ."

ಅಲ್ಲಿನ ಖರೀಫ್ ಮಳೆಗಾಲ ಮುಗಿದಿದ್ದರೂ ನೀರು ಐಸಿನ ಬುದ್ಧಿ ಬಿಟ್ಟಿರಲಿಲ್ಲ. ಚಳಿ ಮೂಳೆಗಿಳಿಯಿತು. ಹಂಚಿನ ರಾಶಿ ಕಂಡದ್ದೇ ಶರ್ಫುದ್ದೀನ್ ಅಂಗಡಿಯಲ್ಲಿ ಓಡುವಂತೆಯೇ ಓಡಲು ಹೋದರು. ಕೆಸರೆದ್ದು ಅಜ್ಜನ ಮಂಜಿಗೆ ಪರದೆ ಬಿತ್ತು. ಬೇರೆ ದಾರಿಯಿಲ್ಲದೆ ಕೈ ಎದೆಗೆ ಕಟ್ಟಿ, ಕಾಲು ಜೋಡಿಸಿ, ಜನ್ಮದಲ್ಲಿ ಮೊದಲ ಸಲ ಸುಮ್ಮನಾದರು. ಕೆಸರು ಮೆಲ್ಲಗೆ ತಗ್ಗಿತು. ಕವುಚಿ ಬಿದ್ದ ಹಂಚಿನ ಬೆನ್ನಲ್ಲಿ ಗರಿಗಳ ಬಾಲವೊಂದು ಮೂಡಿತು. ಸಂತೋಷ ತಡೆಯದೆ ಶರ್ಫುದ್ದೀನ್ ಹೆಬ್ಬೆರಳು ಎತ್ತಿ ತೋರಿಸಿದರು.

ರಾಯ್‌ಸ್ಟನ್ ಮೊಣಕೈ ಹಿಡಿದು ನಿಧಾನಕ್ಕೆ ಅವರನ್ನು ಮೇಲಕ್ಕೆ ತಂದುಬಿಟ್ಟ.

"ಯಾಕೆ ತಂದದ್ದು? ನಾನು ಭೇಷ್ ಅಂದದ್ದಲ್ವ?"

"ನೀರೊಳಗೆ ಹೆಬ್ಬೆರಳು ಎತ್ತಿದ್ರೆ ಮೇಲೆ ಹೋಗುವ ಅಂತ. ಕ್ಲಾಸಲ್ಲಿ ಹೇಳಿದ್ದೆ. ಆಗ ನೀವು ಫೋನ್ ಹಿಡ್ಕೊಂಡು ಹೊರಗೆ ಹೋಗಿದ್ರಿ."

"ಯಲ್ಲಾ, ಮತ್ತೆ ಇಳಿಯುವ."

"ತುಟಿ ನೀಲಿಯಾಗಿದೆ. ಇವತ್ತಿಗೆ ಖಲಾಸ್."

ನಝೀರಾಳಿಗೆ ಫೋನ್ ಹೋಯಿತು. "ನವಿಲಿನ ಬಾಲ ಕಂಡೆ."

"ತಲೆ?"

"ಅದರ ಮೇಲೆ ಕೆಸರಿತ್ತು."

"ಆ ಕಾಲದಲ್ಲಿ ಹುಂಜದ ಮಾರ್ಕಿನ ಹಂಚೂ ಇತ್ತಲ್ಲ? ಅದಕ್ಕೂ ಬಾಲ ಉಂಟು."

ಶರ್ಫುದ್ದೀನ್ ಫೋನ್ ಇಟ್ಟರು. ದೋಣಿಯ ಹಲಗೆಯ ಮೇಲೆ ಕೈಕಟ್ಟಿ, ಕಾಲು ಜೋಡಿಸಿ ಕೂತರು. ರಾಯ್‌ಸ್ಟನ್‌ಗೆ ಗಾಬರಿಯಾಯಿತು. "ಹುಷಾರಿಲ್ವಾ?"

"ನಾಳೆಗೆ ಅಭ್ಯಾಸ," ಎಂದರು.

ಒಂದು ಮೊಣಕಾಲು ಮಾತ್ರ ದಡ ಮುಟ್ಟುವವರೆಗೂ ಕುಣಿಯುತ್ತಲೇ ಇತ್ತು.