ಚಕ್ರದಡಿಯ ನಿಂಬೆಹಣ್ಣು

ಮೊನ್ನೆ ನಮ್ಮ ಬೀದಿಗೆ ಯಾರೋ ಹೊಸ ಟ್ರ್ಯಾಕ್ಟರ್ ತಂದಿದ್ದರು. ಮಂಗಳಾರತಿ ಆಯಿತು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಗಾಡಿ ಮುಂದಕ್ಕೆ ಸರಿಯಿತು. ಜಜ್ಜಿದ ನಿಂಬೆಯ ವಾಸನೆ, ಕರ್ಪೂರ, ಡೀಸೆಲ್ ಹೊಗೆ... ಬಾಗಿಲಲ್ಲಿ ನಿಂತಿದ್ದ ನಾನು ಅಲ್ಲೇ ಜಗುಲಿಯ ಮೇಲೆ ಕುಳಿತೆ. ಸೊಂಟ ಹಿಡಿದುಕೊಂಡ ಮೇಲೆ ಕುಳಿತುಕೊಳ್ಳಲು ನನಗೆ ನೆಪ ಬೇಕಿಲ್ಲ. ಆದರೆ ಅಂದು ಕೂರಿಸಿದ್ದು ಆ ವಾಸನೆ. ಪಕ್ಕದ ಮನೆಯ ಮಿಲ್ಟ್ರಿ ತಾತ ನೆನಪಾದರು.

ಆಗ ಚಿಂತಾಮಣಿಯಲ್ಲಿ ನನ್ನದೊಂದು ಲಾರಿ ಇತ್ತು. ಹೊಟ್ಟೆಪಾಡಿಗೆ ಟೊಮೆಟೊ ಸಾಗಿಸುತ್ತಿದ್ದೆ. ತಾತ ಸೈನ್ಯದಲ್ಲಿ ಡ್ರೈವರ್ ಆಗಿದ್ದು ನಿವೃತ್ತರಾದವರು. ಸೈನ್ಯದವರು ಹರಾಜು ಹಾಕಿದ್ದ ಹಳೆಯ ಜೀಪೊಂದು ಗುಜರಿ ಅಂಗಡಿಯಲ್ಲಿ ತುಕ್ಕು ಹಿಡಿಯುತ್ತಿದ್ದುದನ್ನು ಕಂಡು ಮನೆಗೆ ತಂದಿದ್ದರು. ಅದನ್ನು ಬಿಚ್ಚಿ, ಉಜ್ಜಿ, ಇಲ್ಲದ ಭಾಗಗಳಿಗಾಗಿ ಊರೂರು ಅಲೆದು, ಕೊನೆಗೆ ಸೈನ್ಯದ ಹಸಿರು ಬಣ್ಣವನ್ನೇ ಹೊಡೆದು ಅಂಗಳದಲ್ಲಿ ನಿಲ್ಲಿಸಿದರು. ಬೆಳಿಗ್ಗೆ ಅದರ ಎಂಜಿನ್ ಸದ್ದಿಗೇ ನಮ್ಮ ಬೀದಿ ಏಳುತ್ತಿತ್ತು.

ಇಷ್ಟೆಲ್ಲ ಪಾಡು ಯಾಕೆಂದರೆ, ಅಜ್ಜಿಗೆ ಕೊಟ್ಟ ಒಂದು ಮಾತು. ಜೀಪಿನಲ್ಲಿ ಕೂರಿಸಿಕೊಂಡು, ತಾವೇ ಓಡಿಸಿಕೊಂಡು ತವರಿಗೆ ಕರೆದೊಯ್ಯುತ್ತೇನೆ ಎಂದು ಮದುವೆಯಾದ ಹೊಸತರಲ್ಲಿ ಹೇಳಿದ್ದರಂತೆ. ಅಜ್ಜಿಯ ತವರು ಸಾದಲಿ. ರಜೆಗೆ ಬಂದಾಗಲೆಲ್ಲ ಇಬ್ಬರೂ ಬಸ್ಸಿನಲ್ಲಿ ನೇತಾಡಿಕೊಂಡೇ ಹೋಗಿ ಬಂದಿದ್ದರು.

ಆದರೆ ಜೀಪಿಗೆ ನಂಬರ್ ಇರಲಿಲ್ಲ. ಸೈನ್ಯದ ಹಳೆಯ ನಂಬರ್ ಹಾಕಿಕೊಳ್ಳುವಂತಿಲ್ಲ. ಹೊಸ ನಂಬರ್ ಬೇಕೆಂದರೆ ಆ ಹಸಿರು ಬಣ್ಣ ಇರಕೂಡದು, ಅದು ಸೇನೆಗೆ ಮಾತ್ರ ಮೀಸಲು. ಬಣ್ಣ ಅಳಿಸಲು ತಾತನಿಗೆ ಮನಸ್ಸು ಬರಲಿಲ್ಲ. ನಂಬರ್ ಇಲ್ಲದೆ ರಸ್ತೆಗೆ ಇಳಿಸಲೂ ಮನಸ್ಸು ಬರಲಿಲ್ಲ.

ಹಾಗಾಗಿ ಚಿಕ್ಕಬಳ್ಳಾಪುರದಲ್ಲೋ ಗೌರಿಬಿದನೂರಿನಲ್ಲೋ ಧ್ವಜಾರೋಹಣದ ಮೈದಾನಕ್ಕೆ ಪ್ರದರ್ಶನಕ್ಕೆಂದು ಕರೆದಾಗ, ಜೀಪು ನನ್ನ ಲಾರಿ ಏರಿ ಹೋಗುತ್ತಿತ್ತು. ಹಲಗೆ ಇಟ್ಟು ಹತ್ತಿಸಿ, ಸರಪಳಿ ಬಿಗಿದು, ಟಾರ್ಪಾಲ್ ಹೊದಿಸುತ್ತಿದ್ದೆವು. ನಾನು ಲಾರಿಯ ಚಕ್ರಕ್ಕೆ ನಿಂಬೆಹಣ್ಣು ಇಟ್ಟರೆ, ತಾತ ಮೇಲೆ ಹತ್ತಿ ಜೀಪಿನ ಚಕ್ರಗಳಿಗೂ ಇಡುತ್ತಿದ್ದರು. ಅದೂ ಪ್ರಯಾಣ ಹೊರಟಿದೆಯಲ್ಲ ಎನ್ನುವುದು ಅವರ ವಾದ. ಲಾರಿಯವು ಅಪ್ಪಚ್ಚಿಯಾಗುತ್ತಿದ್ದವು, ಜೀಪಿನವು ಹೋದ ಹಾಗೇ ವಾಪಸು ಬರುತ್ತಿದ್ದವು. "ಈ ಸಲಾನೂ ಗುಂಡುಗುಂಡಾಗೇ ಬಂದ್ವಾ?" ಎಂದು ಅಜ್ಜಿ ನಕ್ಕು, ಅಡುಗೆಗೂ ಬಳಸುವಂತಿಲ್ಲದ ಆ ಹಣ್ಣುಗಳನ್ನು ತಿಪ್ಪೆಗೆ ಎಸೆಯುತ್ತಿದ್ದರು.

ಕಟ್ಟಿ ಬಿಚ್ಚಿ ಸಾಕಾಗಿ ನಾನೊಮ್ಮೆ ದಾರಿಯಲ್ಲೇ ರೇಗಿದೆ. "ಮೈದಾನ ಇಲ್ಲೇ ಕಾಣ್ತೈತೆ ತಾತ, ಇಳಿಸಿ ಓಡಿಸ್ಕೊಂಡು ಬನ್ನಿ. ಯಾರು ಕೇಳ್ತಾರೆ?"

"ಸೈನ್ಯದಾಗಿದ್ದಾಗ ಇದು ಒಂದಿನಾನೂ ಕದ್ದು ಓಡಿಲ್ಲ ಕಣಪ್ಪ," ಎಂದರು. "ನನ್ ಕೈಗೆ ಬಂದ್ಮೇಲೆ ಕಳ್ಳ ಆಗ್ಬೇಕಾ?"

ವರ್ಷಗಳು ಹೀಗೇ ಕಳೆದವು. ಕಡೆಗೆ ಅವರಿಗೂ ದಣಿವಾಯಿತೋ ಏನೋ, ಬಣ್ಣ ಬದಲಿಸಲು ಒಪ್ಪಿದರು. ನೀಲಿ ಬಣ್ಣ ಹೊಡೆಸಿದ ದಿನ ಅವರು ಮನೆಯಿಂದ ಹೊರಗೆ ಬರಲೇ ಇಲ್ಲ. ಆಮೇಲೆ ಶುರುವಾಯಿತು ಕಚೇರಿಗಳ ಅಲೆದಾಟ. ಇಂದು ಬಾ, ನಾಳೆ ಬಾ... ಅಂತೂ ನಂಬರ್ ಬಂತು. ಅಷ್ಟರಲ್ಲಿ ತಾತನ ಕಣ್ಣಿನ ನರ ಸೊರಗಿ ಹೋಗಿತ್ತು. ಲೈಸೆನ್ಸ್ ನವೀಕರಣಕ್ಕೆ ಹೋದರೆ ಡಾಕ್ಟರು ಸಹಿ ಹಾಕಲಿಲ್ಲ. ಜೀಪು ರಸ್ತೆಗಿಳಿಯಬಹುದಿತ್ತು, ತಾತ ಓಡಿಸುವಂತಿರಲಿಲ್ಲ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಸಾದಲಿಗೆ ನಾನೇ ಓಡಿಸಿದೆ. ಅಜ್ಜಿ ರೇಷ್ಮೆ ಸೀರೆ ಉಟ್ಟು ನನ್ನ ಪಕ್ಕ ಕುಳಿತರು, ತಾತ ಹಿಂದೆ. ಹೊರಡುವಾಗ ಜೀಪಿನ ಚಕ್ರದಡಿ ನಿಂಬೆಹಣ್ಣು ಪಟ್ಟೆಂದು ಒಡೆದಾಗ ತಾತ "ಒಡೀತಾ?" ಎಂದು ಕೇಳಿ, ಆ ವಾಸನೆಯನ್ನು ಉಸಿರಿನೊಳಗೆ ಎಳೆದುಕೊಂಡರು. ದಾರಿಯುದ್ದಕ್ಕೂ ಎಂಜಿನ್ ಸದ್ದು ಕೇಳಿಯೇ ನನಗೆ ಗೇರ್ ಹೇಳುತ್ತಿದ್ದರು. ಸಾದಲಿ ಹತ್ತಿರ, ಹಿಪ್ಪುನೇರಳೆ ತೋಟಗಳ ನಡುವೆ ರಸ್ತೆ ಖಾಲಿ ಇತ್ತು. ಗಾಡಿ ನಿಲ್ಲಿಸಿದೆ.

"ಯಾರೂ ಇಲ್ಲ ತಾತ. ಸ್ಟೇರಿಂಗ್ ನಾನೂ ಹಿಡ್ಕೋತೀನಿ. ಆ ಮರದ ತನಕ ನೀವು ಓಡ್ಸಿ."

ಅಜ್ಜಿ ಹಿಂದಕ್ಕೆ ತಿರುಗಿ ಅವರನ್ನೇ ನೋಡಿದರು. ತಾತ ನನ್ನ ಹೆಗಲ ಮೇಲಿಂದ ಕೈ ಚಾಚಿ ಸ್ಟೇರಿಂಗ್ ಸವರಿದರು. ಆಮೇಲೆ ಕೈ ಹಿಂದಕ್ಕೆ ಎಳೆದುಕೊಂಡರು.

"ಲೈಸೆನ್ಸ್ ಇಲ್ಲ ಕಣಪ್ಪ. ಪೋನೀ, ಹೋಗ್ಲಿ ಬಿಡು. ನಡಿ."

"ಆ ರೂಲ್ಸ್‌ನೇ ಕಟ್ಕೊಂಡು ಸಂಸಾರ ಮಾಡ್ಬೇಕಿತ್ತು ನೀವು," ಎಂದು ಅಜ್ಜಿ ಮುಖ ತಿರುಗಿಸಿಕೊಂಡರು. ಆದರೆ ತವರಿನ ಬಾಗಿಲಲ್ಲಿ ಇಳಿದಾಗ, "ನಮ್ಮನೆಯವರು ಕರ್ಕೊಂಡು ಬಂದ್ರು," ಎಂದೇ ಎಲ್ಲರಿಗೂ ಹೇಳಿದರು. ತಾತನ ಮುಖ ಅರಳಿದ್ದನ್ನು ನಾನು ನೋಡಿದೆ.

ಕಳೆದ ಬೇಸಿಗೆಯಲ್ಲಿ ತಾತ ಹೋದರು. ನಾನೂ ಲಾರಿ ಮಾರಿದ್ದೇನೆ.

ಮೊನ್ನೆ ಟ್ರ್ಯಾಕ್ಟರ್ ಪೂಜೆಯ ಜನ ಚದುರಿದ ಮೇಲೆ ತಾತನ ಮನೆಗೆ ಹೋದೆ. ಅಜ್ಜಿ ಜೀಪಿನ ಧೂಳು ಒರೆಸಿ, ಕುಂಕುಮ ಇಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಕಾಯುತ್ತಿದ್ದರು. ಅವರಿಗೂ ಆ ವಾಸನೆ ಮುಟ್ಟಿರಬೇಕು. "ಸಾದಲಿಗೆ ಒಂದ್ ಸಲ ಹೋಗಿ ಬರಣೇನಪ್ಪ?" ಎಂದು ಕೀಲಿ ಮುಂದೆ ಹಿಡಿದರು. ಕೀಲಿ ಈಸಿಕೊಂಡವನು ಹಾಗೇ ನಿಂತೆ. ಗಾಡಿ ಇನ್ನೂ ತಾತನ ಹೆಸರಿನಲ್ಲೇ ಇತ್ತು.

"ನಿಮ್ ಹೆಸ್ರಿಗೆ ಆಗ್ಲಿ ಅಜ್ಜಿ," ಎಂದೆ. "ಅಲ್ಲಿ ತನಕ ರಸ್ತೆಗೆ ಇಳ್ಸೋ ಹಾಗಿಲ್ಲ."

ಅಜ್ಜಿ ಒಂದು ಗಳಿಗೆ ನನ್ನ ಮುಖ ನೋಡಿದರು. "ಥೇಟ್ ಅವ್ರೇ," ಎಂದು ಬಾಯಿಗೆ ಸೆರಗು ಹಿಡಿದು ನಕ್ಕರು, ನಗುತ್ತಲೇ ಅತ್ತರು. ನನಗೂ ತಡೆಯಲಾಗಲಿಲ್ಲ. ಆಮೇಲೆ ಅಜ್ಜಿ ಬಗ್ಗಿ ಒಂದೊಂದೇ ಹಣ್ಣು ಹೆಕ್ಕಿ ಮಡಿಲಿಗೆ ಹಾಕಿಕೊಂಡರು. ಈ ಸಲ ಅವನ್ನು ತಿಪ್ಪೆಗೆ ಎಸೆಯಲಿಲ್ಲ, ತಾತ ಕೂತಿದ್ದ ಹಿಂದಿನ ಸೀಟಿನ ಮೇಲೆ ಇಟ್ಟರು.